ಗಡಿಯಾಚೆ ರಜೆ, ಗಡಿಯೀಚೆ ಶಾಲೆ

ಭಾಗ 1/8: ಎರಡು ಕ್ಯಾಲೆಂಡರ್

ನಮ್ಮ ಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ಉಂಟು. ಒಂದು ಕನ್ನಡದ್ದು, ಇನ್ನೊಂದು ಮಲಯಾಳದ್ದು. ತಾರೀಕು ಎರಡರಲ್ಲೂ ಒಂದೇ, ಕೆಂಪು ಅಂಕೆಗಳು ಮಾತ್ರ ಬೇರೆ ಬೇರೆ. ಮಂಜೇಶ್ವರದ ಕಡೆ ಇರುವ ಹೆಚ್ಚಿನ ಕನ್ನಡ, ತುಳು ಮನೆಗಳಿಗೆ ಇದು ಹೊಸತಲ್ಲ. ನಾನು ತಲಪಾಡಿ ಗಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋಗುವವಳು, ನನ್ನ ರಜೆ ಕನ್ನಡ ಕ್ಯಾಲೆಂಡರಿನಲ್ಲಿ ಉಂಟು. ತಮ್ಮ ಊರಿನ ಕನ್ನಡ ಮೀಡಿಯಂ ಶಾಲೆಗೆ ಹೋಗುವವ, ಅವನ ರಜೆ ಮಲಯಾಳ ಕ್ಯಾಲೆಂಡರಿನಲ್ಲಿ.

2023ರ ದೀಪಾವಳಿ ನೆನಪುಂಟಾ? ನರಕ ಚತುರ್ದಶಿ ನವೆಂಬರ್ 12ಕ್ಕೆ, ಭಾನುವಾರ. ಬಲಿಪಾಡ್ಯಮಿ ನವೆಂಬರ್ 14ಕ್ಕೆ, ಮಂಗಳವಾರ. ಕರ್ನಾಟಕದಲ್ಲಿ ಮಂಗಳವಾರ ಸರಕಾರಿ ರಜೆ. ಕೇರಳದ ಪಟ್ಟಿಯಲ್ಲಿ ದೀಪಾವಳಿಗೆ ಒಂದೇ ದಿನ, ಅದೂ ಭಾನುವಾರ ಬಿದ್ದು ಹೋಯ್ತು. ಅಂದ್ರೆ ತಮ್ಮನಿಗೆ ಆ ವರ್ಷ ದೀಪಾವಳಿಗೆ ಅಂತ ಒಂದು ದಿನವೂ ಹೆಚ್ಚು ಸಿಗಲಿಲ್ಲ.

ನಾವೆಲ್ಲ ಬಂಟ್ವಾಳದ ಕಡೆ ಅಜ್ಜನ ಮನೆಗೆ ಹೋಗಿದ್ದೆವು. ಪಾಡ್ಯದ ದಿನ ಬೆಳಿಗ್ಗೆ ಗೋಪೂಜೆ, ರಾತ್ರಿ ಬಲಿಯೇಂದ್ರನನ್ನು ಕರೆಯುವುದು. ತಮ್ಮನನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಅವನೂ ಬಂದ. ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡು ದಿನ ಗೈರು ಬಿತ್ತು. ವರ್ಷವಿಡೀ ತಪ್ಪದೆ ಹೋದವರಿಗೆ ಕೊಡುವ ಸರ್ಟಿಫಿಕೇಟು ಕೈತಪ್ಪಿತು. ಆಗ ಅವನು ಐದನೇ ಕ್ಲಾಸು.

"ಅಕ್ಕಾ, ಬಲಿಯೇಂದ್ರ ಕರ್ನಾಟಕಕ್ಕೆ ಮಾತ್ರ ಬರುದಾ?" ಅಂತ ಕೇಳಿದ.

ನಗು ಬಂತು, ಆದ್ರೆ ಉತ್ತರ ಬರಲಿಲ್ಲ. ಹಿಸ್ಟರಿ ಓದುವವಳು ನಾನು! ಈ ಸರಣಿ ಅವನಿಗೆ ಕೊಡಬೇಕಾದ ಉತ್ತರ.

ಭಾಗ 2/8: ರಜೆ ಕೊಡುವುದು ಯಾರು?

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಭಾರತದ ಸಾರ್ವಜನಿಕ ರಜೆಗಳು ಸಂವಿಧಾನದಲ್ಲಿ ಪಟ್ಟಿ ಮಾಡಿ ಇಟ್ಟದ್ದಲ್ಲ. ರಜೆಯ ಅಧಿಸೂಚನೆ ಓದಿದ್ರೆ ಅಲ್ಲಿ ಕಾಣುವುದು 1881ರ ಒಂದು ಕಾಯ್ದೆಯ ಹೆಸರು: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್. ಚೆಕ್ ಬೌನ್ಸ್ ಕೇಸು ಹಾಕುವುದು ಇದೇ ಕಾಯ್ದೆಯಡಿ. ಚೆಕ್ಕು, ಹುಂಡಿ, ಪ್ರಾಮಿಸರಿ ನೋಟಿನ ಕಾನೂನಿಗೂ ಹಬ್ಬಕ್ಕೂ ಎಂತ ಸಂಬಂಧ?

ಸಂಬಂಧ ಉಂಟು. ಹಣ ಕೊಡಬೇಕಾದ ದಿನ ರಜೆ ಬಿದ್ದರೆ ಎಂತ ಮಾಡುವುದು? ಅದಕ್ಕಾಗಿ 25ನೇ ಸೆಕ್ಷನ್. ಅಂಥ ಹಣವನ್ನು ಅದರ ಹಿಂದಿನ ಕೆಲಸದ ದಿನವೇ ಕೊಡಬೇಕು ಅಂತ ಅದು ಹೇಳ್ತದೆ. ಹಾಗೆ ಹೇಳಬೇಕಾದ್ರೆ ಸಾರ್ವಜನಿಕ ರಜೆ ಅಂದ್ರೆ ಯಾವುದು ಅಂತಲೂ ಹೇಳಬೇಕಲ್ವಾ? 1881ರ ಮೂಲ ಕಾಯ್ದೆಯಲ್ಲಿ ಹೆಸರು ಹಿಡಿದು ಬರೆದ ದಿನಗಳು ಇಷ್ಟೇ: ಭಾನುವಾರಗಳು, ಜನವರಿ 1, ಕ್ರಿಸ್‌ಮಸ್, ಗುಡ್ ಫ್ರೈಡೇ. ಉಳಿದ ದಿನಗಳನ್ನು ಸರಕಾರ ಗೆಜೆಟ್‌ನಲ್ಲಿ ಘೋಷಿಸಬೇಕು. ಆಳುವವರು ಬ್ರಿಟಿಷರು, ಅವರ ಹಬ್ಬಗಳು ಕಾಯ್ದೆಯ ಒಳಗೇ ಕೂತವು. ನಮ್ಮ ಹಬ್ಬಗಳು ಪ್ರತಿ ಸಲ ಸರಕಾರದ ಆದೇಶಕ್ಕೆ ಕಾಯಬೇಕು.

ಸ್ವಾತಂತ್ರ್ಯ ಬಂದ ಮೇಲೆ, 1957ರ ಜೂನ್ 8ರಂದು, ಕೇಂದ್ರ ಗೃಹ ಇಲಾಖೆ ಒಂದು ಅಧಿಸೂಚನೆಯ ಮೂಲಕ ಈ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಬಿಟ್ಟುಕೊಟ್ಟಿತು. ಈಗಲೂ ಕರ್ನಾಟಕ ಸರಕಾರ ವರ್ಷದ ರಜೆ ಪಟ್ಟಿ ಹೊರಡಿಸುವಾಗ 1881ರ ಕಾಯ್ದೆಯನ್ನೂ 1957ರ ಆ ಅಧಿಸೂಚನೆಯನ್ನೂ ಹೆಸರಿಸ್ತದೆ.

ವರ್ಷ ಗಮನಿಸಿ: 1957. ಭಾಷೆಯ ಆಧಾರದಲ್ಲಿ ರಾಜ್ಯಗಳಾದದ್ದು 1956ರ ನವೆಂಬರ್ 1ಕ್ಕೆ. ಹೊಸ ಗಡಿಗಳು ಬಂದು ಎಂಟು ತಿಂಗಳೂ ಆಗಿರಲಿಲ್ಲ, ಆ ಗಡಿಗಳ ಒಳಗೆ ಯಾವ ದಿನ ರಜೆ ಅಂತ ತೀರ್ಮಾನಿಸುವ ಪೆನ್ನೂ ರಾಜ್ಯಗಳ ಕೈಗೆ ಬಂತು.

ಭಾಗ 3/8: ದಿಲ್ಲಿಯ ಪಟ್ಟಿ

ಹಾಗಾದ್ರೆ ದೇಶಕ್ಕೆಲ್ಲ ಒಂದೇ ರಜೆ ಅಂತ ಇಲ್ವಾ? ಉಂಟು. ರಾಷ್ಟ್ರೀಯ ರಜೆಗಳು ಮೂರು: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲರಿಗೂ ಕೆಂಪು ಅಂಕೆ. ಈ ಮೂರೂ ನಮ್ಮ ರಾಜಕೀಯ ಚರಿತ್ರೆಯ ದಿನಗಳು, ಯಾವ ಧರ್ಮದ ಹಬ್ಬವೂ ಅಲ್ಲ ಎಂಬುದನ್ನು ನೋಡಿ.

ಇದರ ಮೇಲೆ ಕೇಂದ್ರ ಸರಕಾರಿ ಕಚೇರಿಗಳಿಗೆ ಬೇರೆ ಪಟ್ಟಿ ಉಂಟು. ಆ ಮೂರೂ ಸೇರಿ ಒಟ್ಟು 14 ಕಡ್ಡಾಯ ರಜೆ. ದಸರಾ, ದೀಪಾವಳಿ, ಎರಡು ಈದ್, ಮೊಹರಂ, ಮಿಲಾದ್, ಕ್ರಿಸ್‌ಮಸ್, ಗುಡ್ ಫ್ರೈಡೇ, ಬುದ್ಧ ಪೂರ್ಣಿಮೆ, ಮಹಾವೀರ ಜಯಂತಿ, ಗುರುನಾನಕ್ ಜಯಂತಿ. ದೇಶದ ಮುಖ್ಯ ಧರ್ಮಗಳೆಲ್ಲ ಇದರಲ್ಲಿ ಬಂದವು. ದಿಲ್ಲಿಯಿಂದ ಹೊರಗಿನ ಕಚೇರಿಗಳು ಇವುಗಳ ಮೇಲೆ 12ರ ಒಂದು ಪಟ್ಟಿಯಿಂದ ಮೂರು ರಜೆ ಆರಿಸಿಕೊಳ್ಳಬಹುದು.

ಆ 12ರ ಪಟ್ಟಿಯೇ ಮಜಾ. ಅದರಲ್ಲಿ ಹೋಳಿ, ಶಿವರಾತ್ರಿ, ರಾಮನವಮಿ, ಗಣೇಶ ಚತುರ್ಥಿ, ಸಂಕ್ರಾಂತಿ, ಪೊಂಗಲ್, ಓಣಂ, ಪುರಿಯ ರಥಯಾತ್ರೆ ಎಲ್ಲ ಉಂಟು. ಕೊನೆಯಲ್ಲಿ ಒಂದು ಉದ್ದದ ಸಾಲು: ವಿಷು, ವೈಶಾಖಿ, ಯುಗಾದಿ, ಗುಡಿ ಪಾಡ್ವ, ಚೇಟಿ ಚಾಂದ್, ನೌರೋಜ್ ಅಂತ ನಡುನಡುವೆ ಓರೆಗೆರೆ ಹಾಕಿ ಎಲ್ಲ ಹೊಸ ವರ್ಷಗಳನ್ನು ಒಂದೇ ರಜೆಯಾಗಿ ಕಟ್ಟಿದ್ದಾರೆ. ಸಾಲದ್ದಕ್ಕೆ ಛಠ್ ಪೂಜೆಯನ್ನೂ ಕರ್ವಾ ಚೌತ್‌ಅನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ. ಇಷ್ಟು ದೊಡ್ಡ ದೇಶಕ್ಕೆ ಒಂದು ಪಟ್ಟಿ ಮಾಡ್ಲಿಕ್ಕೆ ಹೊರಟ ಗುಮಾಸ್ತನ ಕಷ್ಟ ಆ ಒಂದು ಸಾಲಿನಲ್ಲೇ ಗೊತ್ತಾಗ್ತದೆ.

ಬಲಿಪಾಡ್ಯಮಿ? 14ರಲ್ಲೂ ಇಲ್ಲ, 12ರಲ್ಲೂ ಇಲ್ಲ. ಅವನಿಗೆ ಜಾಗ ಕೊಡುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು.

ಭಾಗ 4/8: ಒಬ್ಬನೇ ಬಲಿ, ಎರಡು ಭೇಟಿ

ಕಥೆ ನಿಮಗೆ ಗೊತ್ತುಂಟು. ಬಲಿ ಚಕ್ರವರ್ತಿ ದಾನಶೂರ. ವಾಮನ ಬಂದು ಮೂರು ಹೆಜ್ಜೆ ಜಾಗ ಕೇಳಿದ. ಎರಡು ಹೆಜ್ಜೆಯಲ್ಲಿ ಭೂಮಿ, ಆಕಾಶ ಮುಗಿಯಿತು. ಮೂರನೆಯದಕ್ಕೆ ಬಲಿ ತನ್ನ ತಲೆಯನ್ನೇ ಒಡ್ಡಿ ಪಾತಾಳಕ್ಕೆ ಹೋದ. ಹೋಗುವಾಗ ವರ ಕೇಳಿದ: ವರ್ಷಕ್ಕೊಮ್ಮೆ ನನ್ನ ಜನರನ್ನು ನೋಡ್ಲಿಕ್ಕೆ ಬರ್ತೇನೆ.

ಯಾವಾಗ ಬರ್ತಾನೆ? ಇಲ್ಲೇ ಊರೂರಿಗೆ ಲೆಕ್ಕ ಬೇರೆ.

ಕೇರಳದಲ್ಲಿ ಅವನು ಮಾವೇಲಿ. ಚಿಂಙ ತಿಂಗಳ ತಿರುವೋಣಂ ನಕ್ಷತ್ರದ ದಿನ, ಅಂದ್ರೆ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಬರ್ತಾನೆ. ಅದೇ ಓಣಂ, ರಾಜ್ಯದ ಹಬ್ಬ. ಸರಕಾರಿ ಪಟ್ಟಿಯಲ್ಲಿ ಒಂದನೇ ಓಣಂನಿಂದ ನಾಲ್ಕನೇ ಓಣಂವರೆಗೆ ರಜೆ, ಶಾಲೆಗಳಿಗೆ ಅದಕ್ಕಿಂತಲೂ ಉದ್ದ.

ಕರ್ನಾಟಕದಲ್ಲಿ ಅವನು ಬರುವುದು ಕಾರ್ತಿಕ ಶುದ್ಧ ಪಾಡ್ಯಕ್ಕೆ, ದೀಪಾವಳಿಯ ಜೊತೆ. ಹಾಗಾಗಿ ಇಲ್ಲಿನ ಪಟ್ಟಿಯಲ್ಲಿ ನರಕ ಚತುರ್ದಶಿಗೆ ಒಂದು ರಜೆ, ಬಲಿಪಾಡ್ಯಮಿಗೆ ಇನ್ನೊಂದು. ಮಹಾರಾಷ್ಟ್ರದಲ್ಲೂ ಬಲಿಪ್ರತಿಪದೆಗೆ ರಜೆ. ಗುಜರಾತಿನಲ್ಲೂ ಅದೇ ದಿನ ರಜೆ, ಆದ್ರೆ ಬೇರೆ ಕಾರಣಕ್ಕೆ: ಅಲ್ಲಿ ಅದು ಹೊಸ ವರ್ಷ. ಉತ್ತರದಲ್ಲಿ ಹಲವರಿಗೆ ಅದು ಗೋವರ್ಧನ ಪೂಜೆ. ಒಂದೇ ತಿಥಿ, ನಾಲ್ಕು ಅರ್ಥ.

ನಮ್ಮ ತುಳುನಾಡಿನಲ್ಲಿ ದೀಪಾವಳಿ ಅಂದ್ರೆ ತುಡರ ಪರ್ಬ, ಬೆಳಕಿನ ಹಬ್ಬ. ಕತ್ತಲಾದ ಮೇಲೆ ಅಂಗಳದಲ್ಲಿ, ಗದ್ದೆಯಲ್ಲಿ ದೀಪ ಇಟ್ಟು, ಬಲಿಯೇಂದ್ರನ ಹೆಸರು ಹೇಳಿ ಕೂಗಿ ಕರೆಯುತ್ತೇವೆ. ಒಂದು ಮನೆಯ ಕೂಗಿಗೆ ಆಚೆ ಗದ್ದೆಯಿಂದ ಇನ್ನೊಂದು ಮನೆಯ ಕೂಗು ಕೇಳ್ತದೆ. ಆ ಕೂಗು ತಲಪಾಡಿ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ. ಉಳ್ಳಾಲದಲ್ಲೂ ಉಂಟು, ಮಂಜೇಶ್ವರದಲ್ಲೂ ಉಂಟು, ಕುಂಬಳೆಯಲ್ಲೂ ಉಂಟು.

ರಜೆ ಮಾತ್ರ ತಲಪಾಡಿಯಲ್ಲಿ ನಿಲ್ತದೆ. ತಮ್ಮನಿಗೆ ಓಣಂನ ಬಲಿಗೆ ಹತ್ತು ದಿನ ರಜೆ, ತುಡರ ಪರ್ಬದ ಬಲಿಗೆ ಶಾಲೆ. ನನಗೆ ಅದರ ಉಲ್ಟಾ.

ಭಾಗ 5/8: ಗೆರೆ ಎಳೆದ ದಿನ

1956ಕ್ಕಿಂತ ಮೊದಲು ಈ ತೊಂದರೆಯೇ ಇರಲಿಲ್ಲ. ಮಂಗಳೂರು, ಕಾಸರಗೋಡು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಎರಡಕ್ಕೂ ಮದರಾಸು ಸರಕಾರ. ಕಾಸರಗೋಡು ಆ ಜಿಲ್ಲೆಯ ಒಂದು ತಾಲೂಕು.

1953ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು, ಎಚ್. ಎನ್. ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. 1955ರಲ್ಲಿ ವರದಿ ಬಂತು. ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ, ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ. ತಾಲೂಕನ್ನು ಇಡಿಯಾಗಿ ಲೆಕ್ಕ ಹಾಕಿದ್ರೆ ಮಲಯಾಳ ಮಾತಾಡುವವರೇ ಹೆಚ್ಚು. ಆದ್ರೆ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕನ್ನಡ, ತುಳು ಜನರ ಊರುಗಳು ಸಾಲುಸಾಲು. ಅವು ಕರ್ನಾಟಕಕ್ಕೆ ಬರಬೇಕು ಅಂತ ಹೋರಾಟ ನಡೆಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಹೋರಾಟದ ಮುಂದಾಳು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆ ಆಯ್ತು.

ಗೆರೆ ಜಾರಿಗೆ ಬಂದ ದಿನ 1956ರ ನವೆಂಬರ್ 1. ಈಗ ಆ ದಿನವನ್ನೇ ನೋಡಿ. ಕರ್ನಾಟಕಕ್ಕೆ ಅದು ರಾಜ್ಯೋತ್ಸವ, ಸರಕಾರಿ ರಜೆ, ಊರಿಡೀ ಬಾವುಟ. ಕೇರಳಕ್ಕೂ ಅದೇ ಹುಟ್ಟುಹಬ್ಬ, ಕೇರಳ ಪಿರವಿ ಅಂತ ಆಚರಿಸ್ತಾರೆ, ಆದ್ರೆ ರಜೆ ಇಲ್ಲ. ತಮ್ಮನ ಶಾಲೆ ತೆರೆದಿರ್ತದೆ. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರಿಗೆ ಅದು ಕರಾಳ ದಿನ. ಒಬ್ಬರ ಹುಟ್ಟುಹಬ್ಬ, ಇನ್ನೊಬ್ಬರ ಮಾಮೂಲಿ ದಿನ, ಮತ್ತೊಬ್ಬರ ದುಃಖ. ರಜೆ ಬೇರೆ ಬೇರೆ ಆಗುವುದಕ್ಕೆ ಹಬ್ಬ ಮಾತ್ರ ಕಾರಣ ಅಲ್ಲ. ಚರಿತ್ರೆಯಲ್ಲಿ ಯಾರು ಎಲ್ಲಿ ನಿಂತಿದ್ದರು ಎಂಬುದೂ ಕಾರಣ.

ಮೇ 1 ಕೂಡ ಹಾಗೆಯೇ. ನಮಗೆ ಕಾರ್ಮಿಕರ ದಿನ. ಮಹಾರಾಷ್ಟ್ರ, ಗುಜರಾತಿಗೆ 1960ರಲ್ಲಿ ಬೊಂಬಾಯಿ ರಾಜ್ಯ ಒಡೆದು ಎರಡಾದ ದಿನ. ಗೋವಾಕ್ಕೆ ಡಿಸೆಂಬರ್ 19, 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಆದ ದಿನ. ಕಾರವಾರದವರು ಆವತ್ತು ಕಾಳಿ ಸೇತುವೆ ದಾಟಿ ಉತ್ತರಕ್ಕೆ ಹೋದ್ರೆ ಗೋವಾದ ಕಚೇರಿಗಳಿಗೆ ಬೀಗ!

ಭಾಗ 6/8: ಆದ್ರೆ ಗೆರೆ ನೇರ ಇಲ್ಲ

ಇಲ್ಲಿವರೆಗೆ ಓದಿದ್ರೆ "ಪಾಪ, ಕಾಸರಗೋಡಿನವರಿಗೆ ಅವರ ಹಬ್ಬ ಒಂದೂ ಸಿಗುದಿಲ್ಲ" ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಪಟ್ಟಿ ಹಿಡಿದು ಕೂತ ಮೇಲೆ ಕಥೆ ಬೇರೆಯೇ ಆಯ್ತು.

ತುಳುವರ ಹೊಸ ವರ್ಷ ಯಾವುದು? ಬಿಸು. ಸೌರಮಾನದ್ದು, ಏಪ್ರಿಲ್ ನಡುವಿಗೆ ಬರ್ತದೆ. ಅದೇ ಹೊತ್ತಿಗೆ ಮಲಯಾಳಿಗಳ ವಿಷು, ಕೇರಳದಲ್ಲಿ ಸರಕಾರಿ ರಜೆ. ಕರ್ನಾಟಕದ ಪಟ್ಟಿಯಲ್ಲಿ ಹೊಸ ವರ್ಷದ ರಜೆ ಚಾಂದ್ರಮಾನ ಯುಗಾದಿಗೆ. ಏಪ್ರಿಲ್ 14ರ ರಜೆ ಅಂಬೇಡ್ಕರ್ ಜಯಂತಿಯ ಹೆಸರಲ್ಲಿ. ಅಂದ್ರೆ ಬಿಸುವಿನ ವಿಷಯದಲ್ಲಿ ಮಂಜೇಶ್ವರದ ತುಳುವರಿಗೆ ತಿರುವನಂತಪುರದ ಪಟ್ಟಿ ಬೆಂಗಳೂರಿನ ಪಟ್ಟಿಗಿಂತ ಹತ್ತಿರ!

ಈದ್ ನೋಡಿ. 2024ರಲ್ಲಿ ಕೇರಳದಲ್ಲಿ ಈದುಲ್ ಫಿತ್ರ್ ಏಪ್ರಿಲ್ 10ಕ್ಕೆ. ದಕ್ಷಿಣ ಕನ್ನಡ, ಉಡುಪಿಯಲ್ಲೂ 10ಕ್ಕೇ. ಬೆಂಗಳೂರಿನಲ್ಲಿ 11ಕ್ಕೆ. ಯಾಕೆ? ಚಂದ್ರ ಕಂಡ ಸುದ್ದಿಗೆ ಕರಾವಳಿಯ ಮುಸ್ಲಿಮರು ಕೇರಳದ ಕಡಲತೀರವನ್ನು ನೋಡುವುದು ರೂಢಿ. ಇಲ್ಲಿ ಗಡಿ ತಲಪಾಡಿಯಲ್ಲಿಲ್ಲ, ಘಟ್ಟದ ಮೇಲೆ ಉಂಟು.

ಇನ್ನು ಸೆಪ್ಟೆಂಬರ್ 8, ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ಟ್, ಹೊಸ ತೆನೆಯ ಹಬ್ಬ. ಕಾಸರಗೋಡಿನ ಇಗರ್ಜಿಗಳೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು, ಗಡಿಯ ಎರಡೂ ಕಡೆ ಅದೇ ಹಬ್ಬ. ಕರ್ನಾಟಕದ ಪಟ್ಟಿಯಲ್ಲಿ ಅದು ಕನ್ಯಾ ಮರಿಯಮ್ಮ ಜಯಂತಿ ಅಂತ ಪರಿಮಿತ ರಜೆಯಲ್ಲಿ ಬರ್ತದೆ. ಪರಿಮಿತ ರಜೆ ಅಂದ್ರೆ ಎಲ್ಲರಿಗೂ ಬಾಗಿಲು ಹಾಕುವುದಿಲ್ಲ, ಬೇಕಾದ ನೌಕರರು ಆರಿಸಿ ತಗೊಳ್ಳಬೇಕು.

ಹಾಗಾದ್ರೆ ಸಮಸ್ಯೆ ಕೇರಳದ್ದೂ ಅಲ್ಲ, ಕರ್ನಾಟಕದ್ದೂ ಅಲ್ಲ. ರಾಜ್ಯಕ್ಕೊಂದು ಪಟ್ಟಿ ಮಾಡಿದ್ರೆ ಅಲ್ಲಿ ಹೆಚ್ಚು ಜನರ ಹಬ್ಬ ಒಳಗೆ ಬರ್ತದೆ, ಅಂಚಿನಲ್ಲಿ ಇದ್ದವರದ್ದು ಹೊರಗೆ ಉಳೀತದೆ. ಎಲ್ಲರ ಹಬ್ಬಕ್ಕೂ ಎಲ್ಲರಿಗೂ ರಜೆ ಕೊಟ್ರೆ ಶಾಲೆ ನಡೆಯುವುದು ಯಾವಾಗ? ದಿನಗೂಲಿಯವರಿಗೆ ರಜೆ ಅಂದ್ರೆ ಆ ದಿನದ ಸಂಬಳ ಹೋದ ಹಾಗೆ, ಅದನ್ನೂ ಮರೀಬಾರದು. ಅಂಚಿನವರಿಗೆ ಅವರ ದಿನ ಸಿಗಬೇಕು, ಉಳಿದವರ ಕೆಲಸ ನಿಲ್ಲಬಾರದು. ಹೀಗೊಂದು ದಾರಿ ಉಂಟಾ? ಉಂಟು. ಅದಕ್ಕೆ ಘಟ್ಟ ಹತ್ತಿ ಕೊಡಗಿಗೆ ಹೋಗಬೇಕು.

ಭಾಗ 7/8: ಒಂದು ಜಿಲ್ಲೆಗೆ ಮೂರು ದಿನ

ಕರ್ನಾಟಕದ ರಜೆ ಪಟ್ಟಿಯನ್ನು ಕೊನೆವರೆಗೆ ಓದುವವರು ಕಡಿಮೆ. ಮುಂದಿನ ಸಲ ಓದಿ. ಕೆಳಗೆ ಒಂದು ಸಣ್ಣ ಟಿಪ್ಪಣಿ ಇರ್ತದೆ: ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ. ಮೂರು ದಿನ: ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ.

ಕೈಲ್ ಮುಹೂರ್ತ ಸೆಪ್ಟೆಂಬರ್ 3ರಂದು. ಗದ್ದೆಯಲ್ಲಿ ನಾಟಿ ಮುಗಿದಿರ್ತದೆ. ಕೋವಿ, ಕತ್ತಿಗಳನ್ನು ತೊಳೆದು, ತೋಕ್ ಪೂ ಇಟ್ಟು ಪೂಜೆ ಮಾಡ್ತಾರೆ. ತೋಕ್ ಅಂದ್ರೆ ಕೋವಿ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಮನೆಯಲ್ಲಿ ಕಡುಂಬುಟ್ಟು, ಪಂದಿ ಕರಿ. ತುಲಾ ಸಂಕ್ರಮಣ ಅಕ್ಟೋಬರ್ ನಡುವಿಗೆ, ತಲಕಾವೇರಿಯಲ್ಲಿ ತೀರ್ಥೋದ್ಭವ. ಹುತ್ತರಿ ಹೊಸ ಅಕ್ಕಿಯ ಹಬ್ಬ, ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುಣ್ಣಿಮೆಯ ಹೊತ್ತಿಗೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಶ್ಚಯ ಆಗ್ತದೆ. ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದು ಮನೆಗೆ ತರ್ತಾರೆ.

ಮೂರೂ ಕೊಡಗಿನ ನೆಲಕ್ಕೆ ಅಂಟಿಕೊಂಡ ದಿನಗಳು: ನಾಟಿ, ನದಿ, ಕೊಯ್ಲು.

ಕೊಡಗಿಗೆ ತನ್ನದೇ ಚರಿತ್ರೆಯೂ ಉಂಟು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನನ್ನು 1834ರಲ್ಲಿ ಬ್ರಿಟಿಷರು ಇಳಿಸಿದರು. ಆಮೇಲೆ ಅದು ಬ್ರಿಟಿಷರ ಒಂದು ಪುಟ್ಟ ಪ್ರಾಂತ್ಯ. ಸ್ವತಂತ್ರ ಭಾರತದಲ್ಲಿ ಕೂರ್ಗ್ ಅಂತ ಬೇರೆಯೇ ರಾಜ್ಯ ಆಗಿತ್ತು, ಸಿ ವರ್ಗದ ರಾಜ್ಯ. 1952ರಲ್ಲಿ ಚುನಾವಣೆ ನಡೆದು 24 ಸದಸ್ಯರ ವಿಧಾನಸಭೆ ಬಂತು, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮೈಸೂರಿನ ಜೊತೆ ವಿಲೀನ ಬೇಕೋ ಬೇಡವೋ ಅಂತ ಅಲ್ಲಿ ಜೋರು ಚರ್ಚೆ ನಡೆದಿತ್ತು. ಕೊನೆಗೆ 1956ರ ನವೆಂಬರ್ 1ಕ್ಕೆ ಆ ರಾಜ್ಯ ಮುಗಿದು ಮೈಸೂರಿನ ಒಂದು ಜಿಲ್ಲೆಯಾಯಿತು.

ವಿಧಾನಸಭೆ ಹೋಯ್ತು, ಮುಖ್ಯಮಂತ್ರಿ ಸ್ಥಾನ ಹೋಯ್ತು. ಇವತ್ತಿಗೂ ರಜೆ ಪಟ್ಟಿಯ ಕೆಳಗಿನ ಆ ಟಿಪ್ಪಣಿ ಮಾತ್ರ ಹೇಳ್ತದೆ: ಈ ಜಿಲ್ಲೆಯ ಕಾಲಗಣನೆ ಸ್ವಲ್ಪ ಬೇರೆ, ಅದನ್ನು ರಾಜ್ಯ ಒಪ್ಪಿಕೊಂಡಿದೆ. ಹಾಗೆ ಒಪ್ಪಿಕೊಂಡದ್ದರಿಂದ ಬೀದರಿನ ಕಚೇರಿಗೆ ಬೀಗ ಬೀಳಲಿಲ್ಲ, ಕೋಲಾರದ ಶಾಲೆ ನಿಲ್ಲಲಿಲ್ಲ.

ಭಾಗ 8/8: ತಮ್ಮನಿಗೆ ಉತ್ತರ

ಕೊಡಗು ಒಂದೇ ಅಲ್ಲ. ಕನ್ಯಾಕುಮಾರಿ ನಮ್ಮ ಕಾಸರಗೋಡಿನ ಕನ್ನಡಿಯಲ್ಲಿ ಕಾಣುವ ಬಿಂಬದ ಹಾಗೆ. 1956ರ ನವೆಂಬರ್ 1ರವರೆಗೆ ಅದು ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿತ್ತು, ಆವತ್ತು ಮದರಾಸು ರಾಜ್ಯಕ್ಕೆ ಬಂತು. ಅಲ್ಲಿ ಮಲಯಾಳಿಗಳು ಅಂಚಿನವರು. ತಮಿಳುನಾಡಿನಲ್ಲಿ ಓಣಂ ರಾಜ್ಯದ ರಜೆ ಅಲ್ಲ. ಆದ್ರೆ ಕನ್ಯಾಕುಮಾರಿ, ಕೊಯಮತ್ತೂರು, ನೀಲಗಿರಿಯಂಥ ಜಿಲ್ಲೆಗಳಲ್ಲಿ ಕಲೆಕ್ಟರ್ ತಿರುವೋಣಂಗೆ ಸ್ಥಳೀಯ ರಜೆ ಕೊಟ್ಟು, ಬದಲಿಗೆ ಒಂದು ಶನಿವಾರ ಕೆಲಸ ಮಾಡಿಸ್ತಾರೆ. 1881ರ ಕಾಯ್ದೆಯಡಿ ಕೊಟ್ಟ ರಜೆ ಅಲ್ಲದ್ದರಿಂದ ಬ್ಯಾಂಕು ತೆರೆದೇ ಇರ್ತದೆ. ಕೆಲಸದ ದಿನ ಕಡಿಮೆ ಆಗ್ಲಿಲ್ಲ, ಹಬ್ಬವೂ ತಪ್ಪಲಿಲ್ಲ.

ಕೇರಳಕ್ಕೂ ಈ ದಾರಿ ಗೊತ್ತುಂಟು. ತಮಿಳು ಮಾತಾಡುವವರು ಇರುವ ಆರು ಜಿಲ್ಲೆಗಳಿಗೆ ಪೊಂಗಲ್ ದಿನ ಸ್ಥಳೀಯ ರಜೆ ಕೊಡ್ತದೆ: ತಿರುವನಂತಪುರ, ಕೊಲ್ಲಂ, ಪತ್ತನಂತಿಟ್ಟ, ಇಡುಕ್ಕಿ, ಪಾಲಕ್ಕಾಡ್, ವಯನಾಡ್. ನಮ್ಮ ಕಾಸರಗೋಡಿಗೂ ಇತ್ತೀಚಿನ ವರ್ಷಗಳಲ್ಲಿ ಗಣೇಶ ಚೌತಿಗೆ ಸ್ಥಳೀಯ ರಜೆ ಸಿಕ್ಕಿದ್ದುಂಟು. ಅಂದ್ರೆ ಬಾಗಿಲು ಮುಚ್ಚಿಲ್ಲ. ಬಲಿಪಾಡ್ಯಮಿಗೂ ಅದೇ ಬಾಗಿಲು ತಟ್ಟಬಹುದು.

ಈಗ ತಮ್ಮನ ಪ್ರಶ್ನೆಗೆ ಬರ್ತೇನೆ. ಅವನು ಈಗ ಏಳನೇ ಕ್ಲಾಸು, ಇಷ್ಟು ಅರ್ಥ ಆಗ್ತದೆ.

ಇಲ್ಲ ಮಾರಾಯ, ಬಲಿಯೇಂದ್ರ ಕರ್ನಾಟಕಕ್ಕೆ ಮಾತ್ರ ಬರುದಲ್ಲ. ಅವನು ಓಣಂಗೆ ಒಮ್ಮೆ ಬರ್ತಾನೆ, ತುಡರ ಪರ್ಬಕ್ಕೆ ಇನ್ನೊಮ್ಮೆ ಬರ್ತಾನೆ. ನಾವು ಗಡಿಯವರು, ನಮ್ಮ ಮನೆಗೆ ಎರಡು ಸಲವೂ ಬರ್ತಾನೆ. ರಜೆ ಇಲ್ಲ ಅಂದ್ರೆ ಹಬ್ಬ ಸಣ್ಣದು ಅಂತ ಅಲ್ಲ, ಪಟ್ಟಿ ಬರೆಯುವ ಮೇಜು ದೂರ ಉಂಟು ಅಂತ ಅಷ್ಟೆ. ದೂರ ಇದ್ದವರಿಗೆ ಕೇಳುವ ಹಾಗೆ ಹೇಳುವುದು ನಮ್ಮ ಕೆಲಸ. ಶಾಲೆಯ ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಅಮ್ಮ ಈ ವಿಷಯ ಎತ್ತುತ್ತಾರಂತೆ. ಕಲೆಕ್ಟರಿಗೆ ಕೊಡುವ ಅರ್ಜಿ ನಾನು ಬರೀತೇನೆ. ಕನ್ನಡದಲ್ಲಿ ಒಂದು ಪ್ರತಿ, ಮಲಯಾಳದಲ್ಲಿ ಒಂದು ಪ್ರತಿ. ಮಲಯಾಳದ್ದನ್ನು ಅವನೇ ಬರೀತಾನಂತೆ, ನನಗಿಂತ ಅವನಿಗೆ ಚೆನ್ನಾಗಿ ಬರ್ತದೆ.

ಓಣಂಗೆ ಅವನ ಕ್ಲಾಸಿನವರು ಹಾಕುವ ಪೂಕಳಂಗೆ ಹೂ ಕೊಯ್ದು ಕೊಡುವುದು ಅಜ್ಜಿಯೇ. ಅದು ಯಾರ ಬಲಿ, ಇದು ಯಾರ ಬಲಿ ಅಂತ ಅಜ್ಜಿ ಯಾವತ್ತೂ ಕೇಳಿದ್ದಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಊರಿಗೆ ಮಾತ್ರ ಸಿಗುವ ರಜೆ ಯಾವುದು? ಅಥವಾ ಸಿಗಬೇಕಿತ್ತು, ಸಿಗಲಿಲ್ಲ ಅನ್ನುವ ದಿನ ಯಾವುದು? ಬೀದರ್, ಬೆಳಗಾವಿ, ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ತಾಳವಾಡಿ ಕಡೆಯವರು ಇದ್ದರೆ ಖಂಡಿತ ಬರೀರಿ. ಮನೆಯಲ್ಲಿ ಎರಡು ಕ್ಯಾಲೆಂಡರ್ ಇರುವವರು ಇನ್ನೂ ಎಷ್ಟು ಮಂದಿ ಇದ್ದಾರೆ ನೋಡೋಣ.

#ರಜೆಪಟ್ಟಿ #ಗಡಿನಾಡು #ಬಲಿಪಾಡ್ಯಮಿ #ಕಾಸರಗೋಡು #ಚರಿತ್ರೆಓದೋಣ